ಎಪ್ಪತ್ತೇಳನೇ ಮನ್ನಾನಿ

ನಮ್ಮ ಬಂದರಿನಲ್ಲಿ ಒಬ್ಬ ಮೀನುಗಾರನನ್ನು ‘ಇದು ಎಲ್ಲಿ ಸಿಕ್ಕಿತು?’ ಎಂದು ಕೇಳುವುದೂ ಒಂದೇ, ಅವನ ಹೆಂಡತಿಯ ವಯಸ್ಸು ಕೇಳುವುದೂ ಒಂದೇ. ಕೇಳಿದರೆ ಅವನೇನೂ ಸಿಟ್ಟಾಗುವುದಿಲ್ಲ. ಮರ್ಯಾದೆಯಿಂದ ಒಂದು ಸುಳ್ಳು ಹೇಳುತ್ತಾನೆ, ಕೇಳಿದವನು ಮರ್ಯಾದೆಯಿಂದ ತಲೆಯಾಡಿಸುತ್ತಾನೆ. ದ್ವೀಪದ ಪಕ್ಕ ಹಿಡಿದವನು ಭೂಶಿರದ ಆಚೆ ಎನ್ನುತ್ತಾನೆ. ಭೂಶಿರದ ಆಚೆ ಹಿಡಿದವನು ನದಿಯ ಬಾಯಲ್ಲಿ ಎನ್ನುತ್ತಾನೆ. ಅಪ್ಪನಿಂದ ಬಂದ ಬಂಡೆಯ ಜಾಗ ಮಗನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು. ಇದನ್ನು ನಮ್ಮಲ್ಲಿ ಯಾರೂ ಸುಳ್ಳು ಅನ್ನುವುದಿಲ್ಲ, ನಡವಳಿಕೆ ಅನ್ನುತ್ತಾರೆ.

ನನಗೆ ಮಾತ್ರ ಈ ನಡವಳಿಕೆ ಯಾವತ್ತೂ ಹಿಡಿಸಲಿಲ್ಲ. ನಾನು ನಜೀಹಾ, ಮರ್ಸಾ ಲೂಝ್ ಬಂದರಿನ ಐಸ್ ಫ್ಯಾಕ್ಟರಿ ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷದಿಂದ ಐಸು ತೂಗುತ್ತಿದ್ದೇನೆ, ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಮ್ಮಿಯಿಲ್ಲ. ಬಾಯಿಂದ ಒಂದು ಸುಳ್ಳೂ ಬಂದಿರಲಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಂಥ ನನ್ನ ಹಣೆಯಲ್ಲಿ ಬರೆದಿದ್ದು ತಿಜಾನಿ. ಉಳಿದ ಗಂಡಸರು ಮೀನಿನ ಜಾಗದ ಬಗ್ಗೆ ಮಾತ್ರ ಸುಳ್ಳು ಹೇಳಿದರೆ ನನ್ನ ಗಂಡನಿಗೆ ಅಂಥ ಭೇದಭಾವವಿಲ್ಲ. ಹೆಣ್ಣು ಕೇಳಲು ಬಂದ ದಿನ ‘ನಮ್ಮನೆ ಬಾವಿ ನೀರು ಕಲ್ಲುಸಕ್ಕರೆ’ ಎಂದಿದ್ದ. ಮದುವೆಯಾಗಿ ಹೋಗಿ ನೋಡಿದರೆ ಬಾವಿಯೇ ಇರಲಿಲ್ಲ. ಕೇಳಿದ್ದಕ್ಕೆ ‘ಇದ್ದಿದ್ದರೆ ಸಿಹಿಯಾಗೇ ಇರ್ತಿತ್ತು’ ಎಂದ. ಐಸ್ ಫ್ಯಾಕ್ಟರಿಯ ಪಕ್ಕದ ಕಾಫಿ ಅಂಗಡಿಯಲ್ಲಿ ಅವನ ಮೇಜಿನ ಸುತ್ತ ಯಾವಾಗಲೂ ಜನ. ನಿಜ ಹೇಳುವ ನನ್ನ ಸುತ್ತ ಐಸು.

ಹೋದ ವರ್ಷ ವಸಂತದಲ್ಲಿ ತೂನಿಸ್ ನಗರದಿಂದ ಡಾಕ್ಟರ್ ಸುಂದುಸ್ ಬಂದಳು. ಕಾಯಿಲೆಯ ಡಾಕ್ಟರ್ ಅಲ್ಲ, ಮೀನಿನ ಡಾಕ್ಟರ್. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ, ಎಲ್ಲರನ್ನೂ ನಂಬುವ ಹುಡುಗಿ. ಅವಳಿಗೆ ಬೇಕಾಗಿದ್ದು ಮನ್ನಾನಿ. ದಪ್ಪ ತುಟಿ, ಕಂದು ಮೈ, ಬಂಡೆಯ ಪೊಟರೆಯಲ್ಲಿ ಮನೆ ಮಾಡಿಕೊಂಡು ಬಾಗಿಲಲ್ಲೇ ಕೂತು ಹೋಗಿಬರುವವರನ್ನು ನೋಡುತ್ತಿರುತ್ತದಲ್ಲ, ಆ ಮೀನು. ಹುಟ್ಟುವಾಗ ಹೆಣ್ಣು, ವಯಸ್ಸಾಗಿ ದೊಡ್ಡದಾದ ಮೇಲೆ ಗಂಡು. ಡಾಕ್ಟರ್ ಇದನ್ನು ವಿವರಿಸಿದಾಗ ತಿಜಾನಿ ನನ್ನ ಕಡೆ ನೋಡಿ, “ನಮ್ಮನೇಲೂ ಒಂದು ಹಂಗೇ ಆಗಿದೆ, ಡಾಕ್ಟ್ರೇ” ಎಂದ. ಇಡೀ ಬಂದರು ನಕ್ಕಿತು.

ಅವಳು ದ್ವೀಪದ ಸುತ್ತಲಿನ ಬಂಡೆಗಳಲ್ಲಿ ನೂರಾ ಇಪ್ಪತ್ತು ಮನ್ನಾನಿ ಹಿಡಿಸಿದಳು. ಒಂದೊಂದರ ಬೆನ್ನಿನ ರೆಕ್ಕೆಯ ಬುಡಕ್ಕೂ ನಂಬರು ಬರೆದ ಹಳದಿ ಪಟ್ಟಿ ಚುಚ್ಚಿ, ಹಿಡಿದಲ್ಲೇ ಬಿಟ್ಟಳು. ಯಾವ ಮೀನು ಯಾವ ಬಂಡೆಯಲ್ಲಿ ಇರುತ್ತದೆ, ಯಾವ ತಿಂಗಳಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ತಿಳಿಯಬೇಕಿತ್ತು. ಅದು ತಿಳಿದರೆ ಎಲ್ಲಿ ಗಾಳ ಹಾಕಬಾರದೆಂದು ಸರ್ಕಾರ ಗೆರೆ ಎಳೆಯುತ್ತದಂತೆ. ಪಟ್ಟಿಯಿರುವ ಮೀನು ಸಿಕ್ಕಿದವರು ಐಸ್ ಫ್ಯಾಕ್ಟರಿಗೆ ಬಂದು ನಂಬರು, ಜಾಗ, ಆಳ ಹೇಳಬೇಕು, ನಾನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಹೇಳಿದವರಿಗೆ ಬಿಳಿ ಮೀನಿನ ಕಸೂತಿ ಹಾಕಿದ ನೀಲಿ ಉಣ್ಣೆ ಟೋಪಿ ಇನಾಮು. ಆ ಟೋಪಿಗಾಗಿ ನಮ್ಮ ಗಂಡಸರು ಮುಗಿಬಿದ್ದರು. ಜುಲೈ ಬಿಸಿಲಲ್ಲಿ, ಕಾಗೆಯೂ ನೆರಳು ಹುಡುಕುವ ಹೊತ್ತಿನಲ್ಲಿ, ಉಣ್ಣೆ ಟೋಪಿ ಹಾಕಿಕೊಂಡು ಎದೆಯುಬ್ಬಿಸಿ ಓಡಾಡಿದರು.

ಪುಸ್ತಕ ತುಂಬುತ್ತಾ ಹೋಯಿತು. ಒಬ್ಬ ನದಿಯ ಬಾಯಿ ಎಂದ, ಒಬ್ಬ ಹಡಗು ಮುಳುಗಿದ ಜಾಗ ಎಂದ, ಒಬ್ಬ ಎರಡು ಗಂಟೆ ದಾರಿ ತೆಂಕಣ ಗಾಳಿಗೆ ಎಂದ. ನಾನು ಬರೆದೆ. ಸುಳ್ಳೆಂದು ಗೊತ್ತಿತ್ತಲ್ಲ, ಯಾಕೆ ಬರೆದೆ ಎನ್ನುತ್ತೀರಿ. ಇಷ್ಟು ಓದಿದವಳಿಗೆ ಇದು ಗೊತ್ತಿರುವುದಿಲ್ಲವೇ, ಇದರಿಂದ ನಿಜ ತೆಗೆಯುವ ಯಾವುದೋ ಲೆಕ್ಕ ಅವಳ ಹತ್ತಿರ ಇರುತ್ತದೆ ಎಂದುಕೊಂಡೆ. ನಾನೊಬ್ಬಳೇ ಅಲ್ಲ, ಬಂದರಿನ ಪ್ರತಿಯೊಬ್ಬನೂ ಹಾಗೇ ಅಂದುಕೊಂಡಿದ್ದ.

ಆಗಸ್ಟ್ ಮೊದಲ ವಾರ ಡಾಕ್ಟರ್ ಎಲ್ಲರನ್ನೂ ಶಾಲೆಯ ಕೋಣೆಗೆ ಕರೆದಳು. ಗೋಡೆಯ ಮೇಲೆ ನಮ್ಮ ಕೊಲ್ಲಿಯ ನಕ್ಷೆ. ದ್ವೀಪದಿಂದ ಹೊರಟ ಕೆಂಪು ಗೆರೆಗಳು ದಿಕ್ಕುದಿಕ್ಕಿಗೆ ಹೋಗಿದ್ದವು. ಅವಳ ಮುಖ ಹಬ್ಬದ ದಿನದ ಮಕ್ಕಳ ಮುಖದ ಹಾಗಿತ್ತು.

“ನೋಡಿ, ಈ ಹದಿಮೂರನೇ ಮೀನು ಎರಡೇ ದಿನಕ್ಕೆ ಹದಿನೆಂಟು ಮೈಲಿ ಹೋಗಿದೆ. ಅದೂ ಬರೀ ಕೆಸರಿನ ಮೇಲೆ! ಬಂಡೆ ಬಿಟ್ಟು ಅಲ್ಲಾಡಲ್ಲ ಅಂತ ಎಲ್ಲರೂ ಹೇಳ್ತಿದ್ದ ಮೀನು ಇದು. ನಮ್ಮ ಮನ್ನಾನಿ ಹಾಗಲ್ಲ!”

ಗೆರೆಗಳ ಮೇಲೆ ಬೆರಳಾಡಿಸುತ್ತಾ ಅವಳು ಮುಂದುವರಿಸಿದಳು. “ಇಷ್ಟು ಓಡಾಡೋ ಮೀನಿಗೆ ದ್ವೀಪ ಒಂದನ್ನೇ ಕಾದರೆ ಏನೂ ಪ್ರಯೋಜನ ಇಲ್ಲ. ಭೂಶಿರದಿಂದ ನದಿ ಬಾಯಿವರೆಗೆ ಇಡೀ ಕೊಲ್ಲೀಲಿ ಮೂರು ವರ್ಷ ಗಾಳ ಹಾಕಬಾರದು ಅಂತ ನಾನು ಬರೀಬೇಕಾಗುತ್ತೆ. ಕ್ಷಮಿಸಿ.”

ಆಗ ಎದ್ದು ನಿಂತವನು ಬೂರಾವಿ. ಬಂದರಿನ ಅತಿ ದೊಡ್ಡ ದೋಣಿ ಅವನದು, ಹೊಟ್ಟೆಯೂ ಅದಕ್ಕೆ ತಕ್ಕ ಹಾಗೆ. ಟೋಪಿಯ ಅಂಚಿನಿಂದ ಬೆವರು ಇಳಿಯುತ್ತಿತ್ತು.

“ಡಾಕ್ಟ್ರಮ್ಮ, ಹದಿಮೂರು ನಂದು. ಅದು ಅಲ್ಲಿಗೆ ಹೋಗಿರ್ಲಿಲ್ಲ.”

“ನೀವೇ ಅಲ್ಲಿ ಹಿಡಿದ್ರಲ್ಲ?”

“ನಾನೂ ಹೋಗಿರ್ಲಿಲ್ಲ.”

ಡಾಕ್ಟರ್ ಉಳಿದವರ ಕಡೆ ನೋಡಿದಳು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ, “ನಿಮಗೆ ಗೊತ್ತಿರುತ್ತೆ ಅಂದ್ಕೊಂಡ್ವಿ ತಾಯಿ, ಓದಿದೋರಲ್ವಾ” ಎಂದರು. ಅವಳು ಪಾಪ, ಕುರ್ಚಿ ಹುಡುಕಿ ಕೂತಳು.

ತಿದ್ದಬೇಕಾಯಿತು. ಆದರೆ ಒಬ್ಬರ ಮುಂದೆ ಒಬ್ಬರು ತಮ್ಮ ಬಂಡೆಯ ಹೆಸರು ಹೇಳುವುದುಂಟೇ? ಮಾರನೇ ದಿನ ನನ್ನ ಐಸ್ ಫ್ಯಾಕ್ಟರಿಯ ಬಾಗಿಲು ಮುಚ್ಚಿ ಒಳಗೆ ನಾನು, ಡಾಕ್ಟರ್. ಹೊರಗೆ ಸಾಲು. ಒಬ್ಬೊಬ್ಬನೇ ಒಳಗೆ ಬಂದು, ಗುಟ್ಟಿನ ಕಾಯಿಲೆ ಹೇಳುವವನ ಹಾಗೆ ತಗ್ಗಿದ ದನಿಯಲ್ಲಿ ನಿಜ ಹೇಳಿ, ಹಣೆ ಒರೆಸಿಕೊಂಡು ಹೋದ. ಸಂಜೆಯ ಹೊತ್ತಿಗೆ ಇಪ್ಪತ್ತಮೂರು ತಿದ್ದುಪಡಿ. ಒಂದು ಮೀನೂ ಬಿಟ್ಟ ಜಾಗದಿಂದ ಮುನ್ನೂರು ಹೆಜ್ಜೆ ಆಚೆ ಹೋಗಿರಲಿಲ್ಲ. ಊರೂರು ಸುತ್ತಿದ್ದು ನಮ್ಮವರ ನಾಲಿಗೆ ಮಾತ್ರ.

ಉಳಿದದ್ದು ಒಂದು. ತಿಜಾನಿ ಆ ವಾರ ತಂಗಿಯ ಮಗಳ ಮದುವೆಗೆಂದು ಬಿಜರ್ತಾಗೆ ಹೋಗಿದ್ದ.

“ಎಪ್ಪತ್ತೇಳು,” ಡಾಕ್ಟರ್ ಓದಿದಳು. “ಭೂಶಿರದ ಹಿಂದಿನ ಬಂಡೆ, ಇಪ್ಪತ್ತು ಮಾರು ಆಳ, ಜುಲೈ ಹುಣ್ಣಿಮೆಗೆ ಮೂರು ದಿನ ಮುಂಚೆ. ದ್ವೀಪದಿಂದ ಒಂಬತ್ತು ಮೈಲಿ.”

“ಅದು ನನ್ನ ಗಂಡಂದು. ದ್ವೀಪದ ಪಕ್ಕ, ಬಿಟ್ಟಲ್ಲೇ ಸಿಕ್ತು ಅಂತ ಬರ್ಕೊಳ್ಳಿ.”

“ಅವರನ್ನೊಂದು ಮಾತು ಕೇಳೋಣ್ವಾ?”

“ಮೂವತ್ತು ವರ್ಷದಿಂದ ಕೇಳ್ತಾನೇ ಇದೀನಿ ತಾಯಿ. ಅವನ ಸುಳ್ಳು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದು ನಾನೇ ಪೆನ್ನು ತೆಗೆದುಕೊಂಡು ಅವನ ಸಾಲಿನ ಮೇಲೆ ಗೀಟು ಎಳೆದೆ. ಎಷ್ಟು ನೆಟ್ಟಗಿತ್ತು ಆ ಗೀಟು!

ಮೂರನೇ ದಿನ ಬಂದ ತಿಜಾನಿಗೆ ಕಾಫಿ ಅಂಗಡಿಯಲ್ಲಿ ಎಲ್ಲ ವರದಿಯಾಯಿತು. ನೇರ ನನ್ನ ಹತ್ತಿರ ಬಂದ. ನಗುತ್ತಾ ಬರುತ್ತಾನೆ ಎಂದುಕೊಂಡಿದ್ದೆ.

“ನಂದು ಯಾರು ತಿದ್ದಿದ್ದು?”

“ನಾನೇ.”

“ನನ್ನ ಕೇಳದೆ?”

“ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ.”

ಅವನು ಐಸಿನ ಮೇಜಿನ ಮೇಲೆ ಎರಡೂ ಕೈ ಊರಿ ನಿಂತ. “ಆ ಮೀನು ಮೈಮೇಲೆ ನಂಬರು ಹೊತ್ಕೊಂಡು ಒಂಬತ್ತು ಮೈಲಿ ಬಂದಿತ್ತು, ನಜೀಹಾ. ಅದರ ಬಾಯಿಂದ ಗಾಳ ಬಿಡಿಸಿ, ಇಲ್ಲಿ ಬಂದು ಸುಳ್ಳು ಹೇಳೋಕೆ ನಂಗೆ ಮನಸ್ಸು ಬರಲಿಲ್ಲ. ವರ್ಷಕ್ಕೆ ಎರಡು ಹುಣ್ಣಿಮೆ ಅವೆಲ್ಲ ಮೊಟ್ಟೆ ಇಡೋಕೆ ಆ ಬಂಡೆಗೆ ಬರ್ತಾವೆ. ನನ್ನಜ್ಜ ತೋರಿಸಿದ್ದು. ಒಂದು ಗಾಳ, ಒಂದು ಮೀನು, ವಾಪಸ್ ಬಾ ಅಂದಿದ್ದ. ಜೀವಮಾನದಲ್ಲಿ ಒಂದು ಸಲ ಆ ಜಾಗ ಬಾಯಿಬಿಟ್ಟೆ. ಅದನ್ನೇ ನೀನು ಹೊಡೆದು ಹಾಕಿದೆ.”

“ಹಂಗಾದ್ರೆ ತೋರ್ಸು.”

“ಕಟ್ಕೊಂಡವಳಿಗೂ ಸಾಕ್ಷಿ ತರ್ಬೇಕೇನೇ ನಾನು?” ಎಂದು ಹೊರಟುಹೋದ.

ಅವತ್ತಿನಿಂದ ನನ್ನ ಗಂಡ ಸುಳ್ಳು ಹೇಳುವುದನ್ನು ನಿಲ್ಲಿಸಿದ. ಕಾಫಿ ಅಂಗಡಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತು ಬರುತ್ತಿದ್ದ. ಅವನ ಮೇಜು ಖಾಲಿಯಾಯಿತು. ಮನೆಯಲ್ಲಿ ಮೂವತ್ತು ವರ್ಷದಿಂದ ಕೇಳುವ ಹಾಗೆ “ಅಡುಗೆ ಹೇಗಿದೆ?” ಎಂದು ಕೇಳಿದೆ. ಯಾವಾಗಲೂ ‘ಸ್ವರ್ಗ’ ಅನ್ನುತ್ತಿದ್ದವನು, “ಖಾರ ಹೆಚ್ಚು, ಮೀನು ಬೆಂದಿಲ್ಲ” ಎಂದ. ಮಾರನೇ ದಿನ ಹೊಸ ಲಂಗ ಉಟ್ಟು ಎದುರಿಗೆ ನಿಂತೆ. “ಬಿಗಿಯಾಗಿದೆ” ಎಂದ. ಎರಡೂ ನಿಜ. ನಿಜವನ್ನು ಜೀವಮಾನವಿಡೀ ಹೊಗಳಿದ ನಾನು ಆ ರುಚಿ ನೋಡಿದ್ದು ಆವಾಗಲೇ.

ಐದನೇ ದಿನ ನನಗೆ ತಡೆಯಲಾಗಲಿಲ್ಲ. ಸುಳ್ಳು ಹೇಳುವವನು ಸಿಕ್ಕಿಬಿದ್ದರೆ ನಗುತ್ತಾನೆ, ಅದನ್ನು ನಾನು ಸಾವಿರ ಸಲ ನೋಡಿದ್ದೇನೆ. ಇವನು ನಕ್ಕಿರಲಿಲ್ಲ. ತಿಂಗಳ ಕೊನೆಗೆ ಡಾಕ್ಟರಿನ ನಕ್ಷೆ ತೂನಿಸ್ಸಿಗೆ ಹೋಗುವುದರಲ್ಲಿತ್ತು. ನನ್ನ ಗೀಟಿನ ಸಮೇತ ಹೋದರೆ ಅವನ ಮಾತು ಕೊನೆಯವರೆಗೂ ಸುಳ್ಳಾಗಿಯೇ ಉಳಿಯುತ್ತದೆ, ಆ ಬಂಡೆಯನ್ನು ಯಾವ ಗೆರೆಯೂ ಕಾಯುವುದಿಲ್ಲ. ಪುಸ್ತಕ ತೆಗೆದುಕೊಂಡು, ದೋಣಿಗೆ ಬಣ್ಣ ಬಳಿಯುತ್ತಿದ್ದ ಗಂಡನ ಎದುರಿಗೇ ಡಾಕ್ಟರನ್ನು ಕರೆದು ಹೇಳಿದೆ: “ನಾನು ತಪ್ಪು ಬರೆದೆ. ಎಪ್ಪತ್ತೇಳನೇ ಮೀನು ಭೂಶಿರದ ಹಿಂದೆಯೇ ಸಿಕ್ಕಿದ್ದು.”

“ನೀವು ನೋಡಿದೀರಾ?”

“ಇಲ್ಲ. ಅವನು ಹೇಳಿದಾನೆ.”

ಡಾಕ್ಟರ್ ಪುಸ್ತಕ ಮುಚ್ಚಿ, ದೊಡ್ಡವರನ್ನು ಕರೆಯುವ ಮರ್ಯಾದೆಯಿಂದ ಮೆಲ್ಲಗೆ, “ಲಾಲ್ಲಾ ನಜೀಹಾ, ಇಪ್ಪತ್ನಾಲ್ಕರಲ್ಲಿ ಒಂದೇ ಒಂದು ಮೀನು, ಅದೂ ಇಷ್ಟೆಲ್ಲ ಆದ್ಮೇಲೆ. ಕಣ್ಣಾರೆ ನೋಡದೆ ನಾನು ಬರೆದ್ರೆ ಯಾರೂ ಒಪ್ಪಲ್ಲ” ಎಂದಳು.

ತಿಜಾನಿ ಕುಂಚವನ್ನು ಡಬ್ಬದೊಳಗೆ ಇಟ್ಟ. ನನ್ನ ಮುಖವನ್ನೇ ನೋಡುತ್ತಾ, “ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇದೆ. ನಾಳೆ ಬೆಳಕು ಹರಿಯೋ ಹೊತ್ತಿಗೆ ಇಬ್ಬರೂ ಬನ್ನಿ” ಎಂದ.

ನಾನು ದೋಣಿ ಹತ್ತಿ ಹನ್ನೊಂದು ವರ್ಷವಾಗಿತ್ತು. ಡಾಕ್ಟರ್ ಹಗ್ಗ ಕಟ್ಟಿದ ಕ್ಯಾಮೆರಾ ಪೆಟ್ಟಿಗೆ ತಂದಿದ್ದಳು. ಅದನ್ನು ಕೆಳಗೆ ಬಿಟ್ಟರೆ ಅದು ಕಂಡಿದ್ದು ಮೇಲಿನ ಪುಟ್ಟ ಪರದೆಯಲ್ಲಿ ಕಾಣುತ್ತದೆ. ಭೂಶಿರ ದಾಟಿದ ಮೇಲೆ ತಿಜಾನಿ ಎಂಜಿನ್ ತಗ್ಗಿಸಿ ದಡದ ಕಡೆ ತಿರುಗಿ ನಿಂತ. ನಮ್ಮವರಿಗೆ ನೀರಿನ ಮೇಲೆ ದಾರಿ ಸಿಗುವುದು ನೆಲದ ಗುರುತುಗಳಿಂದ. ವಲಿಯ, ಅಂದರೆ ನಮ್ಮೂರ ಸಂತನ, ಗೋರಿಯ ಬಿಳಿ ಗುಮ್ಮಟ ಬೆಟ್ಟದ ತಗ್ಗಿನೊಳಗೆ ಸರಿಯಾಗಿ ಕೂರಬೇಕು, ಒಂಟಿ ಪೈನ್ ಮರ ಹಳೇ ಕಾವಲು ಗೋಪುರದ ಹಿಂದೆ ಮರೆಯಾಗಬೇಕು. (ಇದನ್ನು ನಂಬಿಕೊಂಡು ಯಾರೂ ದೋಣಿ ಹೊರಡಿಸಬೇಡಿ.) ಒಂದು ಕಣ್ಣು ಮುಚ್ಚಿ, ಒಂದಿಷ್ಟು ಹಿಂದೆ, ಒಂದಿಷ್ಟು ಎಡಕ್ಕೆ ಎಂದು ಸರಿಸಿ, ಎಂಜಿನ್ ಆರಿಸಿ, “ಬಿಡಿ” ಎಂದ. ಸುತ್ತ ಎಲ್ಲ ದಿಕ್ಕಿಗೂ ಒಂದೇ ನೀರು. ಅದರೊಳಗೆ ಒಂದು ಮನೆಯಷ್ಟು ಬಂಡೆಯನ್ನು ಬರಿಗಣ್ಣಿನಿಂದ ಹುಡುಕಿದ ನನ್ನ ಗಂಡನನ್ನು ನೋಡಿ ನನಗೆ ಮೈ ಜುಮ್ಮೆಂದಿತು.

ಹಗ್ಗ ಇಳಿಯಿತು. ಪರದೆಯಲ್ಲಿ ಹಸಿರು, ಆಮೇಲೆ ಬೂದಿ. ಹದಿನೆಂಟು ಮಾರು, ಹತ್ತೊಂಬತ್ತು. ಬಂಡೆಯ ಅಂಚು ಕಂಡಿತು. ಮತ್ತೆ ಮೀನು.

ಒಂದಲ್ಲ. ಪೊಟರೆ ಬಿಟ್ಟು ಅಲ್ಲಾಡದ, ಅಕ್ಕಪಕ್ಕದವರ ಮುಖ ಕಂಡರಾಗದ ಮನ್ನಾನಿಗಳು ಬಂಡೆಯ ಮೇಲೆ ಒಟ್ಟಾಗಿ ತೇಲುತ್ತಿದ್ದವು. ನಡುವೆ ಒಂದು ಭಾರಿ ಗಂಡು ಯಜಮಾನನ ಹಾಗೆ ಸುತ್ತು ಹಾಕುತ್ತಿತ್ತು. ಡಾಕ್ಟರ್ ಏನೋ ಹೇಳಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಒಂದರ ಬೆನ್ನ ಮೇಲೆ ಹಳದಿ ಪಟ್ಟಿ. ಇನ್ನೊಂದರ ಮೇಲೂ. ನಮ್ಮ ದ್ವೀಪದ ಮೀನುಗಳು! ನಾನು ಬೆರಳು ಮಡಿಸಿ ಎಣಿಸಿದೆ, ಬೆರಳು ಮುಗಿದು ಮತ್ತೆ ಮೊದಲಿಂದ ಎಣಿಸಿದೆ.

ತಿಜಾನಿ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಹಿಂಬದಿಯಲ್ಲಿ ಕೂತು ರೊಟ್ಟಿಗೆ ಹರೀಸಾ ಖಾರದ ಚಟ್ನಿ ಸವರುತ್ತಿದ್ದ. ಅವನಿಗೆ ನೋಡುವುದೇನೂ ಇರಲಿಲ್ಲ.

“ಎಷ್ಟಿದಾವೆ?” ಎಂದ.

“ನಲವತ್ತೊಂದು.”

“ಹೋದ ವರ್ಷ ಅರವತ್ತಿದ್ವು,” ಎಂದ. ಅದು ನಿಜವೋ ಸುಳ್ಳೋ ನನಗೆ ಗೊತ್ತಾಗಲಿಲ್ಲ. ನನಗೆ ಅಳು ಬಂತು, ನಗುವೂ ಬಂತು. ಅವನ ಪಕ್ಕ ಹೋಗಿ ಕೂತು, ರೊಟ್ಟಿಯಲ್ಲಿ ಅರ್ಧ ಕಿತ್ತುಕೊಂಡೆ. “ನಿನ್ನ ಮೇಲೆ ಗೀಟು ಎಳೆದೆನಲ್ಲ, ನನ್ನ ಕೈ ಮುರೀಲಿ” ಎಂದೆ. “ಬೇಡ ಬಿಡು, ಐಸು ಯಾರು ತೂಗ್ತಾರೆ?” ಎಂದ.

ವಾಪಸು ಬರುವಾಗ ಡಾಕ್ಟರ್ ಲೆಕ್ಕ ಹೇಳಿದಳು. ಕೊಲ್ಲಿ ಮುಚ್ಚಬೇಕಿಲ್ಲ. ವರ್ಷವಿಡೀ ದ್ವೀಪದ ಸುತ್ತ ಒಂದು ಸಣ್ಣ ಗೆರೆ, ಬೇಸಿಗೆಯ ಎರಡು ತಿಂಗಳು ಈ ಬಂಡೆಯ ಸುತ್ತ ಇನ್ನೊಂದು, ಅಷ್ಟೇ ಸಾಕು. ಆದರೆ ಹುಕುಂ ಬರುವುದು ಮುಂದಿನ ವಸಂತಕ್ಕೆ. “ಅಲ್ಲಿವರೆಗೂ ಈ ಜಾಗ ನಮ್ಮ ಮೂವರಿಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು. ಹೀಗೆ ಒಟ್ಟಾಗಿದ್ದಾಗ ಮೂರು ದೋಣಿ ಮೂರು ದಿನ ಗಾಳ ಹಾಕಿದ್ರೆ ಒಂದೂ ಉಳಿಯಲ್ಲ” ಎಂದಳು.

ಬಂದರಿನಲ್ಲಿ ಆಗಲೇ ಜನ ಕಾಯುತ್ತಿದ್ದರು. ಕ್ಯಾಮೆರಾ ಹೋಗಿದ್ದು, ಡಾಕ್ಟರಿನ ಮುಖ ಅರಳಿದ್ದು, ಎರಡೂ ಸಾಕಾಯಿತು. ಹಗಲೂಟದ ಹೊತ್ತಿಗೆ ಕಾಫಿ ಅಂಗಡಿಯಲ್ಲಿ ತಿಜಾನಿಯ ಮೇಜಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ನಾನು ನನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

“ಎಲ್ಲೋ ಅದು?” ಬೂರಾವಿ ಕೇಳಿಯೇಬಿಟ್ಟ. ಮರ್ಯಾದೆ ಎಲ್ಲ ಮೂಲೆಗೆ ಹೋಗಿತ್ತು.

ತಿಜಾನಿ ಕಾಫಿ ಕಲಕುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಭೂಶಿರದ ಹಿಂದೆ. ವಲಿಯ ಗುಮ್ಮಟ ಬೆಟ್ಟದ ತಗ್ಗಿನೊಳಗೆ ಕೂರಿಸಿ, ಪೈನ್ ಮರ ಗೋಪುರದ ಹಿಂದೆ ಮುಚ್ಚಿ. ಇಪ್ಪತ್ತು ಮಾರು.”

ನಿಜವಾದ ಜಾಗವನ್ನೇ ಒಂದಕ್ಷರ ಬಿಡದೆ ಹೇಳಿದ್ದ.

ಇಡೀ ಅಂಗಡಿ ಬಿದ್ದು ಬಿದ್ದು ನಕ್ಕಿತು. “ಗುಮ್ಮಟ ಅಂತೆ! ಮರ ಅಂತೆ! ಅಜ್ಜನ ಬಂಡೆನ ಯಾವನಾದ್ರೂ ಹಿಂಗೆ ಹಂಚ್ತಾನೇನೋ?” ಎಂದು ಒಬ್ಬ ಮೇಜು ಗುದ್ದಿದ. “ಅಲ್ಲಿಗೆ ಭೂಶಿರದ ಹಿಂದೆ ಇಲ್ಲ ಅನ್ನೋದು ಗ್ಯಾರಂಟಿ ಆಯ್ತು” ಎಂದ ಇನ್ನೊಬ್ಬ.

ಬೂರಾವಿ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿದ. “ಲಾಲ್ಲಾ ನಜೀಹಾ, ನೀನೂ ಹೋಗಿದ್ದೆ. ನಿನ್ನ ಬಾಯಲ್ಲಿ ಸುಳ್ಳು ಬರಲ್ಲ ಅಂತ ಈ ಬಂದರಿನ ಬೆಕ್ಕಿಗೂ ಗೊತ್ತು. ನೀನು ಹೇಳು. ಇವನು ಹೇಳಿದ್ದು ನಿಜಾನಾ?”

ನಗು ನಿಂತಿತು. ಅಷ್ಟೂ ಉಣ್ಣೆ ಟೋಪಿಗಳು ನನ್ನ ಕಡೆ ತಿರುಗಿದವು. ಹೌದೆಂದರೆ ನನ್ನ ಗಂಡ ಊರೆದುರಿಗೆ ಸತ್ಯವಂತನಾಗುತ್ತಾನೆ, ಆ ನಲವತ್ತೊಂದು ಹುಣ್ಣಿಮೆಯೊಳಗೆ ನನ್ನ ತಕ್ಕಡಿಗೇ ಬಂದು ಬೀಳುತ್ತವೆ. ಇಲ್ಲವೆಂದರೆ ನನ್ನದೇ ಬಾಯಿಂದ ಅವನು ಇನ್ನೊಮ್ಮೆ ಸುಳ್ಳುಗಾರ, ಅದೂ ಈ ಸಲ ಎಲ್ಲರೆದುರಿಗೆ. ತಿಜಾನಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಸ್ವಲ್ಪವೂ ಹೆದರಿಕೆಯಿರಲಿಲ್ಲ.

“ಇವನ ಮಾತಾ?” ಎಂದೆ. “ಮೂವತ್ತು ವರ್ಷ ಸಂಸಾರ ಮಾಡಿದೀನಿ, ಇವನ ಬಾಯಿಂದ ಒಂದೇ ಒಂದು ನಿಜ ಬಿದ್ದಿದ್ದು ನಾನು ಕಾಣೆ. ಭೂಶಿರದ ಕಡೆ ಹೋಗೇ ಇಲ್ಲ ನಾವು. ನದಿ ಬಾಯಿ ಆಚೆ, ಪಡುವಣಕ್ಕೆ ಎರಡು ಗಂಟೆ.”

ನನ್ನ ಜೀವಮಾನದ ಮೊದಲ ಸುಳ್ಳು. ನಾಲಿಗೆ ತಡವರಿಸಲಿಲ್ಲ.

“ನೋಡಿದ್ರಾ? ಕಟ್ಕೊಂಡವಳೇ ನಂಬಲ್ಲ” ಎಂದು ತಿಜಾನಿ ಕೈ ಚೆಲ್ಲಿದ. ಅವನ ಮುಖ ಮದುಮಗನ ಮುಖದ ಹಾಗೆ ಕಳಕಳಿಸುತ್ತಿತ್ತು.

ಮಾರನೇ ಬೆಳಿಗ್ಗೆ ಬೂರಾವಿಯದೂ ಸೇರಿ ಐದು ದೋಣಿಗಳು ಪಡುವಣಕ್ಕೆ ಹೊರಟವು. ನನ್ನ ಹತ್ತಿರವೇ ಹೆಚ್ಚಿಗೆ ಐಸು ತುಂಬಿಸಿಕೊಂಡು ಹೋದರು. ನನ್ನ ಗಂಡ ಬಾಗಿಲಲ್ಲಿ ನನ್ನ ಪಕ್ಕ ನಿಂತು ಅವು ಮರೆಯಾಗುವವರೆಗೂ ನೋಡಿದ. ಅವನು ಊರೆದುರಿಗೆ ನಿಜ ಹೇಳಿದ್ದ, ಡಾಕ್ಟರನ್ನು ಬಿಟ್ಟರೆ ಅದು ನಿಜವೆಂದು ಆ ಬಂದರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅವತ್ತಿನಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.